ಬಣ್ಣದ ಗುಂಡಿನಲ್ಲಿ ಕೊಟ್ಟ ಕೂಲಿ: ಬಳ್ಳಾರಿ ಬಳಿಯ ಪೇಂಟ್‌ಬಾಲ್ ಮೈದಾನವೊಂದರ ಪ್ರಕರಣ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರಸ್ತೆಯಲ್ಲಿ, ಕುಡತಿನಿ ತಲುಪುವ ಮೊದಲೇ, ಮೂರೂವರೆ ಎಕರೆ ಬೀಳು ಜಮೀನನ್ನು ಗುತ್ತಿಗೆಗೆ ಹಿಡಿದು ಸುತ್ತಲೂ ಬಲೆ ಕಟ್ಟಿ ಪೇಂಟ್‌ಬಾಲ್ ಮೈದಾನವೊಂದನ್ನು ನಡೆಸಲಾಗುತ್ತಿದೆ. ಅದರ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿ ಸಂಬಳದ ಕೆಲಸದವರಿಗೂ ‘ವಾಲಂಟಿಯರ್’ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗರಿಗೂ ಪ್ರತಿಫಲ ಕೊಡುತ್ತಿದ್ದ ಬಗೆ ಎಲ್ಲಿ ಕೆಟ್ಟಿತು, ಅದನ್ನು ಎಷ್ಟರ ಮಟ್ಟಿಗೆ ತಿದ್ದಲಾಯಿತು, ಯಾವುದು ತಿದ್ದದೆ ಉಳಿಯಿತು ಎಂಬುದನ್ನು ಮಾಲೀಕರ ಒಪ್ಪಿಗೆ ಪಡೆದು ಇಲ್ಲಿ ಬರೆದಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಅಂಕಿಗಳನ್ನು ಓದುಗರ ಅನುಕೂಲಕ್ಕಾಗಿ ದುಂಡಾಗಿಸಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಜಿಲೆಟಿನ್ ಹೊದಿಕೆಯೊಳಗೆ ಬಣ್ಣ ತುಂಬಿದ, 0.68 ಅಂಗುಲ ಅಡ್ಡಳತೆಯ ಗುಂಡನ್ನು ಒತ್ತಿಟ್ಟ ಗಾಳಿಯ ಬಲದಿಂದ ಹಾರಿಸುವ ಸಾಧನಕ್ಕೆ ಮಾರ್ಕರ್ ಎಂದು ಹೆಸರು. ಬಂದವರೆಲ್ಲ ಅದನ್ನು ಗನ್ ಎಂದೇ ಕರೆಯುತ್ತಾರೆ. ಗುಂಡು ಮೈಗೆ ತಾಗಿ ಒಡೆದರೆ ಆ ಆಟಗಾರ ಹೊರಗೆ. ಗುಂಡಿನ ವೇಗ ಸೆಕೆಂಡಿಗೆ 300 ಅಡಿ ಮೀರಬಾರದೆಂಬುದು ಎಲ್ಲೆಡೆ ಪಾಲಿಸುವ ಮಿತಿ. ಈ ಮೈದಾನದಲ್ಲಿ 280ಕ್ಕೆ ನಿಲ್ಲಿಸಿದ್ದಾರೆ. ಆ ವೇಗದ ಗುಂಡು ತೊಡೆಗೆ ಬಿದ್ದರೆ ಒಂದು ವಾರ ಉಳಿಯುವ ನೀಲಿಗಟ್ಟಿದ ಗುರುತು, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಆದ್ದರಿಂದ ಈ ವ್ಯವಹಾರದಲ್ಲಿ ಗ್ರಾಹಕನು ದುಡ್ಡು ಕೊಟ್ಟು ಕೊಳ್ಳುವುದು ಮೇಲ್ನೋಟಕ್ಕೆ ಗುಂಡುಗಳನ್ನಾದರೂ, ಅವನು ಸುರಕ್ಷಿತವಾಗಿ ಮನೆಗೆ ಹೋಗುವುದು ರೆಫರಿಯ ಕಣ್ಣು ಮತ್ತು ಸೀಟಿಯ ದೆಸೆಯಿಂದ. ಈ ಪ್ರಕರಣದ ಉದ್ದಕ್ಕೂ ನಾನು ಹಿಡಿದ ಎಳೆ ಇದೇ: ಸೀಟಿ ಊದುವವನಿಗೆ ಯಾವ ರೂಪದಲ್ಲಿ ಕೂಲಿ ಸಲ್ಲುತ್ತದೆಯೋ ಅದರ ಮೇಲೆ ಅವನು ಯಾವ ಹೊತ್ತಿನಲ್ಲಿ ಎಲ್ಲಿ ನಿಂತಿರುತ್ತಾನೆ ಎಂಬುದು ನಿಂತಿದೆ.

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಇಲ್ಲಿ ಸುಗ್ಗಿ. ತೋರಣಗಲ್ಲಿನ ಕಾರ್ಖಾನೆ ವಲಯದಿಂದ ಬರುವ ನೌಕರರ ತಂಡಗಳು, ಊರಿನ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು, ಹುಟ್ಟುಹಬ್ಬದ ಗುಂಪುಗಳು. ಮಾರ್ಚ್ ಕಳೆದ ಮೇಲೆ ಬಳ್ಳಾರಿಯ ಬಿಸಿಲಿನಲ್ಲಿ ಬೆಳಿಗ್ಗೆ ಹತ್ತರ ನಂತರ ಯಾರೂ ಮಾಸ್ಕ್ ಹಾಕಿಕೊಂಡು ಓಡಲಾರರು. ಗುಂಡುಗಳ ಜಿಲೆಟಿನ್ ಕೂಡ ಮೆತ್ತಗಾಗಿ ನಳಿಕೆಯೊಳಗೇ ಒಡೆಯುತ್ತದೆ. ಹೀಗಾಗಿ ವರ್ಷಪೂರ್ತಿ ದೊಡ್ಡ ಪಡೆಯನ್ನು ಸಾಕುವಂತಿಲ್ಲ, ಭಾನುವಾರ ಮಾತ್ರ ಕೈ ಸಾಲದು.

2024ರ ಕೊನೆಯಲ್ಲಿ ಪುಸ್ತಕದಲ್ಲಿದ್ದ ಕೆಲಸದವರು ಆರು ಮಂದಿ. ವ್ಯವಸ್ಥಾಪಕನೂ ಹಿರಿಯ ರೆಫರಿಯೂ ಆದವರಿಗೆ ತಿಂಗಳಿಗೆ ₹16,000, ಮಾರ್ಕರ್ ರಿಪೇರಿ ಮಾಡಿ ಸಿಲಿಂಡರ್‌ಗೆ ಗಾಳಿ ತುಂಬುವವರಿಗೆ ₹14,000. ಬುಕಿಂಗ್ ನೋಡುವ ಹುಡುಗನಿಗೂ ಕಾವಲುಗಾರನಿಗೂ ತಿಂಗಳ ಪಗಾರ. ಉಳಿದ ಇಬ್ಬರು ಮಹಿಳೆಯರು ಶನಿವಾರ, ಭಾನುವಾರ ಬಂದು ಮಾಸ್ಕ್ ತೊಳೆದು, ಆಟಗಾರರು ಮರೆಗೆ ಕೂರುವ ಬಂಕರ್‌ಗಳನ್ನು ಒರೆಸಿ, ಅಂಗಿಗಳನ್ನು ಒಗೆದು ಹೋಗುವವರು. ವಾರದ ಮಿಕ್ಕ ದಿನ ಅವರು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ದಾರ ಕತ್ತರಿಸುತ್ತಾರೆ. ಅವರ ದಿನಗೂಲಿ ₹350. ಈ ಅಂಕಿ ಎಲ್ಲಿಂದ ಬಂತೆಂದು ಕೇಳಿದಾಗ ಮಾಲೀಕರು, ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ₹349 ಇದೆ, ನಾವು ಒಂದು ರೂಪಾಯಿ ಜಾಸ್ತಿಯೇ ಕೊಡುತ್ತಿದ್ದೇವೆ ಎಂದು ಸಮಾಧಾನದಿಂದ ಹೇಳಿದರು. ಖಾತ್ರಿ ಯೋಜನೆಯ ಕೂಲಿ ಬೇರೆ, ಖಾಸಗಿ ಉದ್ಯಮಕ್ಕೆ ರಾಜ್ಯ ಸರ್ಕಾರ ನಿಗದಿಪಡಿಸಿ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿಸುವ ಕನಿಷ್ಠ ವೇತನ ಬೇರೆ, ಎರಡನೆಯದು ಇದಕ್ಕಿಂತ ಸಾಕಷ್ಟು ಹೆಚ್ಚು ಎಂಬುದು ಅವರಿಗೆ ತಿಳಿದಿರಲಿಲ್ಲ. ಅವರನ್ನು ನಾನು ಪೂರ್ತಿ ದೂರುವುದಿಲ್ಲ. ಊರಿನಲ್ಲಿ ಕೂಲಿಯ ಮಾತು ಬಂದರೆ ಎಲ್ಲರ ನಾಲಿಗೆಗೂ ಮೊದಲು ಬರುವುದು ಖಾತ್ರಿಯ ಅಂಕಿಯೇ.

ಇನ್ನು ವಾಲಂಟಿಯರ್‌ಗಳು. ಮೊದಲು ಆಟಕ್ಕೆಂದು ಬಂದು ರುಚಿ ಹತ್ತಿಸಿಕೊಂಡ ಕಾಲೇಜು ಹುಡುಗರಲ್ಲಿ ಐವರು ಪ್ರತಿ ಭಾನುವಾರ ಬಂದು ರೆಫರಿ ಕೆಲಸ ಮಾಡುತ್ತಿದ್ದರು. ಅವರಿಗೆ ನಗದು ಇಲ್ಲ. ದಿನಕ್ಕೆ 200 ಗುಂಡು, ಗಾಳಿ, ಮಧ್ಯಾಹ್ನದ ಊಟ, ನಡುವೆ ಬಿಡುವಾದಾಗ ಪುಕ್ಕಟೆ ಆಟ. ಅಮೆರಿಕದ ಮೈದಾನಗಳಲ್ಲೂ ಒಂದು ದಿನ ದುಡಿದವರಿಗೆ ಇನ್ನೊಂದು ದಿನದ ಆಟವನ್ನೇ ಕೂಲಿಯಾಗಿ ಕೊಡುತ್ತಾರೆ ಎಂಬುದನ್ನು ಮಾಲೀಕರು ಕೇಳಿ ತಿಳಿದಿದ್ದರು. ಅಂಥ ರೂಢಿ ಅಲ್ಲಿ ಇರುವುದು ನಿಜ. ಆದರೆ ಲಾಭಕ್ಕಾಗಿ ನಡೆಯುವ ಖಾಸಗಿ ಉದ್ಯಮದಲ್ಲಿ ಯಾರೂ ಸ್ವಯಂಸೇವಕರಾಗಿ ದುಡಿಯುವಂತಿಲ್ಲ, ದುಡಿದರೆ ವೇತನ ಕೊಡಲೇಬೇಕು ಎಂದು ಆ ದೇಶದ 1938ರ ಕಾರ್ಮಿಕ ಕಾಯ್ದೆಯ ಕೆಳಗೆ ಸ್ಪಷ್ಟ ನಿಲುವು ಇದೆ ಎಂಬ ಉಳಿದರ್ಧ ಅವರ ಕಿವಿಗೆ ಬಿದ್ದಿರಲಿಲ್ಲ. ರೂಢಿಗಳು ಸಮುದ್ರ ದಾಟಿ ಬರುವಷ್ಟು ಬೇಗ ಅವುಗಳ ಮೇಲಿನ ತಕರಾರು ಬರುವುದಿಲ್ಲ.

ವಿಷಯ ನನ್ನ ಗಮನಕ್ಕೆ ಬಂದದ್ದು ಕಾನೂನಿನ ದಾರಿಯಿಂದಲ್ಲ, ದಾಸ್ತಾನಿನ ದಾರಿಯಿಂದ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲಿ 40 ಪೆಟ್ಟಿಗೆ ಗುಂಡು ಖರೀದಿಯಾಗಿತ್ತು. ಪೆಟ್ಟಿಗೆಗೆ 2,000ದಂತೆ 80,000. ಬಿಲ್ಲಿನ ಪ್ರಕಾರ ಮಾರಾಟವಾದದ್ದು 58,000, ಕೋಣೆಯಲ್ಲಿ ಉಳಿದದ್ದು 6,000. ಮಿಕ್ಕ 16,000 ಎಲ್ಲಿ ಹೋಯಿತೆಂದು ಕೇಳಿದರೆ ‘ವೇಸ್ಟೇಜ್’ ಎಂಬ ಉತ್ತರ ಬಂತು. ಒಡೆದುಹೋದವು, ವೇಗ ಅಳೆಯಲು ಹಾರಿಸಿದವು ಎಲ್ಲ ಸೇರಿದರೂ 3,000 ದಾಟುವಂತಿರಲಿಲ್ಲ. ಆ ಮೂರು ತಿಂಗಳಲ್ಲಿ 13 ಭಾನುವಾರಗಳು. ಐದು ಹುಡುಗರು, ತಲಾ 200. ಲೆಕ್ಕ ಸರಿಯಾಗಿ 13,000ಕ್ಕೆ ಬಂದು ಕೂತಿತು. ಸಾಗಣೆ ಸೇರಿ ಗುಂಡಿಗೆ ₹4 ಬೀಳುತ್ತಿದ್ದುದರಿಂದ, ಪುಕ್ಕಟೆ ಎಂದುಕೊಂಡಿದ್ದ ದುಡಿಮೆಗೆ ಮೈದಾನವು ಒಂದು ಭಾನುವಾರಕ್ಕೆ ₹4,000, ಮೂರು ತಿಂಗಳಿಗೆ ₹52,000 ತೆತ್ತಿತ್ತು. ಒಬ್ಬ ಹುಡುಗನ ದಿನದ ಪಾಲು ₹800. ಹಿರಿಯ ರೆಫರಿಯ ತಿಂಗಳ ಸಂಬಳವನ್ನು ಇಪ್ಪತ್ತಾರು ದಿನಕ್ಕೆ ಹಂಚಿದರೆ ₹615 ಆಗುತ್ತದೆ.

ಇದನ್ನು ಮಾಲೀಕರಾಗಲಿ ನಾನಾಗಲಿ ಮೊದಲು ಕಂಡವರಲ್ಲ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಗುಜರಿಗೆ ಕಟ್ಟಿಡುತ್ತಿದ್ದವರು ಮಾಸ್ಕ್ ತೊಳೆಯುವ ಹಿರಿಯ ಮಹಿಳೆ. ನಾನು ದಾಸ್ತಾನು ಎಣಿಸುತ್ತಿದ್ದಾಗ ಅವರು ಕಟ್ಟು ಬಿಗಿಯುತ್ತಲೇ ಕೇಳಿದರು: “ಸಾರ್, ಈ ಹುಡುಗ್ರು ಐತ್ವಾರಕ್ಕೊಮ್ಮೆ ಅರ್ಧ ಬಾಕ್ಸ್ ಖಾಲಿ ಮಾಡ್ತಾರೆ. ಅದಕ್ಕೇನು ರೊಕ್ಕ ಇಲ್ಲೇನು?” ದಿನಕ್ಕೆ ₹350 ಪಡೆಯುವವರ ಎದುರಿಗೆ ಅರ್ಧ ಪೆಟ್ಟಿಗೆ ಖಾಲಿಯಾಗುವುದು ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹುಡುಗರಿಗೂ ತಮ್ಮದೇ ದೂರುಗಳಿದ್ದವು. ಮಳೆಗಾಲದ ತೇವಕ್ಕೆ ಉಬ್ಬಿದ, ಬಹುಕಾಲ ಒಂದೇ ಮಗ್ಗುಲಲ್ಲಿ ಕೂತು ಕುಳಿಬಿದ್ದ ಗುಂಡುಗಳನ್ನು ಗ್ರಾಹಕರಿಗೆ ಕೊಡಲಾಗದೆ ಅವರ ಪಾಲಿಗೆ ಅಳೆದು ಹಾಕಲಾಗುತ್ತಿತ್ತು. ಅಂಥವು ನೇರ ಹೋಗುವುದಿಲ್ಲ, ನಳಿಕೆಯಲ್ಲಿ ಒಡೆದು ಮಾರ್ಕರ್ ಅಂಟಂಟಾಗುತ್ತದೆ. ಇದನ್ನು ಕೇಳಿದ ಕಾವಲುಗಾರ, ತನ್ನ ತಂದೆ ಜೀತವಿದ್ದ ಮನೆಯಲ್ಲಿ ಸುಗ್ಗಿಯ ಹೊತ್ತು ಆಳುಗಳಿಗೆ ಹಗೇವಿನ ಮೇಲಿನ ಮುಗ್ಗಲು ಜೋಳವನ್ನೇ ಅಳೆಯುತ್ತಿದ್ದರೆಂದು ನೆನಪಿಸಿಕೊಂಡ. ಕಾಳಿನ ಕೂಲಿಯ ಕಾಲದಲ್ಲಿ ಸೇರು ಯಾರ ಕೈಯಲ್ಲಿತ್ತೋ ಕಾಳು ಯಾವುದೆಂಬ ತೀರ್ಮಾನವೂ ಅವರದೇ ಆಗಿತ್ತು. 1948ರ ಕನಿಷ್ಠ ವೇತನ ಕಾಯ್ದೆ ತನ್ನ 11ನೆಯ ಕಲಂನಲ್ಲಿ ವೇತನವನ್ನು ನಗದಾಗಿಯೇ ಕೊಡಬೇಕೆಂದು ವಿಧಿಸಿ, ವಸ್ತುರೂಪಕ್ಕೆ ಸರ್ಕಾರದ ಅನುಮತಿ ಬೇಕೆಂದು ಗೆರೆ ಎಳೆದದ್ದು ಏಕೆಂದು ನನಗೆ ಪಠ್ಯದಿಂದ ತಿಳಿದದ್ದಕ್ಕಿಂತ ಆ ಕಾವಲುಗಾರನಿಂದ ಹೆಚ್ಚು ತಿಳಿಯಿತು.

ಇಷ್ಟಾದರೂ ಮಾಲೀಕರು ಬದಲಾವಣೆಗೆ ಮನಸ್ಸು ಮಾಡಿರಲಿಲ್ಲ. ಮನಸ್ಸು ಮಾಡಿಸಿದ್ದು 2025ರ ಜನವರಿಯ ಒಂದು ಭಾನುವಾರ.

ಅಂದು ಕಾರ್ಖಾನೆ ನೌಕರರ ಇಪ್ಪತ್ತು ಜನರ ತಂಡಕ್ಕೆ ಬುಕಿಂಗ್ ಇತ್ತು. ಹತ್ತು ಹತ್ತರ ಎರಡು ಪಕ್ಷ. ಒಂದು ಪಕ್ಷದಲ್ಲಿ ಒಬ್ಬ ಕಡಿಮೆ ಬಿದ್ದುದರಿಂದ ವಾಲಂಟಿಯರ್ ಒಬ್ಬನು, ಹೇಗೂ ತನ್ನ ಪುಕ್ಕಟೆ ಆಟ ಬಾಕಿ ಇದೆಯೆಂದು, ಕೊರಳಲ್ಲಿದ್ದ ಸೀಟಿಯನ್ನೂ ತೆಗೆಯದೆ ಆ ಜಾಗಕ್ಕೆ ಇಳಿದ. ಮೈದಾನದ ಬಲ ಅಂಚನ್ನು ನೋಡಬೇಕಾಗಿದ್ದವನು ಅವನೇ. ಆಟದ ನಡುವೆ ಆ ಅಂಚಿನ ಟೈರಿನ ಬಂಕರ್ ಹಿಂದೆ ಕೂತಿದ್ದ ಆಟಗಾರನೊಬ್ಬನ ಮಾಸ್ಕ್ ಬೆವರಿಗೆ ಮಂಜುಗಟ್ಟಿತು. ಅವನು ಹೆಬ್ಬೆರಳಿನಿಂದ ಮಾಸ್ಕಿನ ಕೆಳಗಿನ ಅಂಚನ್ನು ಎತ್ತಿ ಒಳಗೆ ಗಾಳಿ ಬಿಟ್ಟುಕೊಂಡ. ಮಾಸ್ಕ್ ಎತ್ತಿದ ಕ್ಷಣಕ್ಕೆ ಆಟ ನಿಲ್ಲಬೇಕು. ಅದು ಈ ಆಟದ ಮೊದಲ ನಿಯಮ. ಹಿರಿಯ ರೆಫರಿ ಎಡ ಅಂಚಿನಲ್ಲಿದ್ದರು. ಬಲ ಅಂಚಿನವನು ಎದುರು ಬಂಕರ್‌ಗೆ ಗುರಿ ಹಿಡಿದು ಗುಂಡು ಹಾರಿಸುತ್ತಿದ್ದ. ಗುಂಡೊಂದು ಬಂದು ಮಾಸ್ಕ್ ಎತ್ತಿದವನ ಕೆನ್ನೆಯ ಮೂಳೆಯ ಮೇಲೆ ಒಡೆಯಿತು. ಕಣ್ಣಿಗೂ ಆ ಜಾಗಕ್ಕೂ ನಡುವೆ ಎರಡು ಬೆರಳು ಅಂತರ. ಕೆನ್ನೆ ಊದಿಕೊಂಡಿತು, ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷಿಸಿ ಏನೂ ಆಗಿಲ್ಲವೆಂದರು. ಖರ್ಚನ್ನು ಮಾಲೀಕರು ಕೊಟ್ಟರು. ಸಂಜೆ ಆ ಹುಡುಗನನ್ನು ಬೈಯಲು ಕರೆದಾಗ ಅವನು ತಲೆ ತಗ್ಗಿಸಿ ಆಡಿದ ಮಾತು ಇಡೀ ಪ್ರಕರಣದ ನೆಲೆಗಟ್ಟನ್ನೇ ತೋರಿಸಿತು: “ಅಣ್ಣ, ಆವಾಗ ನಾನು ಡ್ಯೂಟಿ ಮೇಲೆ ಇರಲಿಲ್ಲ. ಆಟದ ಮೇಲೆ ಇದ್ದೆ.”

ಅವನು ಸುಳ್ಳು ಹೇಳಲಿಲ್ಲ. ಆಟವೇ ಅವನ ಕೂಲಿ. ಕೂಲಿ ಪಡೆಯುವ ಹೊತ್ತಿನಲ್ಲಿ ಯಾರೂ ಕೆಲಸದ ಮೇಲೆ ಇರುವುದಿಲ್ಲ. ಆಟದ ಹೊತ್ತಿಗೂ ಕೆಲಸದ ಹೊತ್ತಿಗೂ ನಡುವೆ ಗೆರೆ ಎಳೆಯದೆ, ಎರಡನ್ನೂ ಒಂದೇ ಮೈದಾನದಲ್ಲಿ ಒಂದೇ ದಿನ ಕೊಟ್ಟಿದ್ದು ವ್ಯವಸ್ಥೆಯ ತಪ್ಪು. ಅವನಿಗೆ ಆಟದ ಬದಲು ನಗದು ಕೂಲಿ ಕೈಗೆ ಸಿಗುತ್ತಿದ್ದರೆ ಆ ಪಕ್ಷ ಒಬ್ಬನ ಕೊರತೆಯಲ್ಲೇ ಆಡುತ್ತಿತ್ತು, ಬಲ ಅಂಚು ಖಾಲಿ ಬೀಳುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಬೇಕಿದ್ದರೆ ಇದನ್ನು ಊಹೆ ಎಂದು ತಳ್ಳಿಹಾಕಬಹುದು. ಆದರೆ ಸಂಬಳ ಪಡೆಯುವ ಹಿರಿಯ ರೆಫರಿ ನಾಲ್ಕು ವರ್ಷದಲ್ಲಿ ಒಮ್ಮೆಯೂ ಗಿರಾಕಿಗಳ ಆಟದ ನಡುವೆ ಮಾರ್ಕರ್ ಹಿಡಿದಿರಲಿಲ್ಲ.

ಮರುದಿನ ಮೈದಾನ ಮುಚ್ಚಿರುವ ಸೋಮವಾರ. ಟೀನ್ ಶೆಡ್ಡಿನ ಕೆಳಗೆ ಮಾಲೀಕರು, ಹಿರಿಯ ರೆಫರಿ, ನಾನು ಕೂತೆವು. ಮಾಲೀಕರ ಮೊದಲ ಸಲಹೆ ಹುಡುಗರಿಂದ ಬರಹದ ಒಪ್ಪಿಗೆ ಪಡೆಯುವುದು: ನಾವು ಸ್ವಇಚ್ಛೆಯಿಂದ ಬರುತ್ತೇವೆ, ವೇತನ ಕೇಳುವುದಿಲ್ಲ ಎಂದು. ಕಾಗದದ ಮೇಲೆ ಏನು ಬರೆಸಿದರೂ, ಇಷ್ಟು ಹೊತ್ತಿಗೆ ಬಾ, ಇಲ್ಲಿ ನಿಲ್ಲು, ಇದನ್ನು ನೋಡಿಕೋ ಎಂದು ಹೇಳಿಸಿಕೊಂಡು ಲಾಭದ ಉದ್ಯಮಕ್ಕೆ ದುಡಿಯುವವನನ್ನು ಕಾನೂನು ನೌಕರನೆಂದೇ ಕಾಣುವ ಸಂಭವ ಹೆಚ್ಚು, ಹಾಗೂ ಕನಿಷ್ಠ ವೇತನದ ಹಕ್ಕನ್ನು ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ ಎಂದು ವಿವರಿಸಿದೆ. ಎರಡನೆಯ ಸಲಹೆ ಹಿರಿಯ ರೆಫರಿಯದು: ಗುಂಡುಗಳನ್ನು ಬೇರೆ ದಿನ ಆಡಲು ಕೂಪನ್ ರೂಪದಲ್ಲಿ ಕೊಡೋಣ. ಇದರಿಂದ ಡ್ಯೂಟಿಯೂ ಆಟವೂ ಬೇರೆಯಾಗುತ್ತಿದ್ದವು ನಿಜ. ಆದರೆ ಕೂಲಿ ವಸ್ತುರೂಪದಲ್ಲೇ ಉಳಿಯುತ್ತಿತ್ತು, ಅಳತೆಯ ಸೇರು ಮಾಲೀಕರ ಕೈಯಲ್ಲೇ ಇರುತ್ತಿತ್ತು.

ಅಂತಿಮವಾಗಿ ನಿಂತ ತೀರ್ಮಾನ ಹೀಗೆ. ಹೊಣೆ ಇರುವ ಯಾವ ಜಾಗದಲ್ಲೂ ವಾಲಂಟಿಯರ್ ಇಲ್ಲ. ಭಾನುವಾರಕ್ಕೆ ಮೂವರು ದಿನಗೂಲಿ ರೆಫರಿಗಳು, ತಲಾ ₹700 ಮತ್ತು ಊಟ. ಆ ದಿನ ಅವರು ಆಡುವಂತಿಲ್ಲ. ಹಿರಿಯರು ಸೇರಿ ನಾಲ್ಕು ಜೊತೆ ಕಣ್ಣು, ಮೈದಾನದ ನಾಲ್ಕು ಅಂಚಿಗೆ ಸಾಕು. ಆಟದ ಆಸೆಗೆ ಬಂದವರು ನಡುವೆ ಆಡಲು ಇಳಿಯುತ್ತಿದ್ದುದರಿಂದ ಮೊದಲು ಐವರು ಬೇಕಾಗುತ್ತಿತ್ತು. 3,000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡಕ್ಕೆ ಸಿಲಿಂಡರ್ ತುಂಬುವ ಯಂತ್ರದ ಬಳಿ ತಿಂಗಳ ಪಗಾರದವರ ಹೊರತು ಯಾರೂ ಸುಳಿಯುವಂತಿಲ್ಲ. ಆಧಾರ್ ಪ್ರತಿ ತರಿಸಿದಾಗ ಐವರಲ್ಲಿ ಇಬ್ಬರಿಗೆ ಇನ್ನೂ ಹದಿನೇಳು ಎಂದು ಗೊತ್ತಾಗಿ ಅವರನ್ನು ಅಂದೇ ಕೈಬಿಡಲಾಯಿತು. ಮಹಿಳೆಯರ ಕೂಲಿ ₹600 ಆಯಿತು. ಭಾನುವಾರದ ಹೆಚ್ಚುವರಿ ನಗದು ಖರ್ಚು ರೆಫರಿಗಳಿಗೆ ₹2,100, ಮಹಿಳೆಯರಿಗೆ ₹500, ಒಟ್ಟು ₹2,600. ಅದಕ್ಕೆ ಎದುರಾಗಿ ಉಳಿತಾಯವಾದದ್ದು ₹4,000 ಬೆಲೆಯ ಗುಂಡು. ಆದರೂ ಮಾಲೀಕರ ಮುಖ ಅರಳಲಿಲ್ಲ. ಗುಂಡಿನ ದುಡ್ಡು ಎಂದೋ ವ್ಯಾಪಾರಿಗೆ ಸಾಲದ ಮೇಲೆ ಹೋಗುವಂಥದ್ದು, ಕಣ್ಣಿಗೆ ಕಾಣುವುದಿಲ್ಲ. ಭಾನುವಾರ ಸಂಜೆ ಗಲ್ಲಾದಿಂದ ಎಣಿಸಿ ಕೊಡುವ ನೋಟು ಕೈ ಸುಡುತ್ತದೆ. ಲೆಕ್ಕ ಬರೆಯುವವರು ಈ ಸಂಕಟವನ್ನು ಹಗುರವಾಗಿ ಕಾಣಬಾರದು.

ಅರ್ಧ ದಿನದ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದಿತು. ಬೆಳಿಗ್ಗೆ ಎರಡು ತಂಡ ಆಡಿ, ಮಧ್ಯಾಹ್ನದ ಬುಕಿಂಗ್ ರದ್ದಾದರೆ ₹350 ಕೊಟ್ಟು ಕಳಿಸಬಹುದೇ? ಆಗ ಜಾರಿಯಲ್ಲಿದ್ದ ಕನಿಷ್ಠ ವೇತನ ಕಾಯ್ದೆಯ 15ನೆಯ ಕಲಂ ಇದಕ್ಕೆ ನೇರ ಉತ್ತರ ಕೊಡುತ್ತಿತ್ತು: ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾಗಿರುವಾಗ, ಕೆಲಸ ಒದಗಿಸದೆ ಇದ್ದದ್ದು ಮಾಲೀಕನಾದರೆ ಪೂರ್ತಿ ದಿನದ ಕೂಲಿ ಸಲ್ಲಬೇಕು, ದುಡಿಯಲು ಒಲ್ಲೆನೆಂದದ್ದು ಕೆಲಸಗಾರನಾದರೆ ಮಾತ್ರ ಕಡಿತ. ಮಾಲೀಕರು ಒಪ್ಪಿದರು, ಆದರೆ ಪೂರ್ತಿ ಕೂಲಿ ಕೊಟ್ಟ ಮೇಲೆ ಪೂರ್ತಿ ಹೊತ್ತಿನ ಕೆಲಸವೂ ಬೇಕೆಂದರು. ಅದು ನ್ಯಾಯವೇ. ಖಾಲಿ ಮಧ್ಯಾಹ್ನಗಳಲ್ಲಿ ಹರಿದ ಬಲೆ ಹೆಣೆಯುವುದು, ಟೈರಿನ ಬಂಕರ್‌ಗಳನ್ನು ಬಿಗಿಯುವುದು, ಪ್ರತಿ ಮಾರ್ಕರ್‌ನ ವೇಗ ಅಳೆದು ಪಟ್ಟಿಯಲ್ಲಿ ಬರೆಯುವುದು ಆರಂಭವಾಯಿತು. ಎರಡು ವರ್ಷದಿಂದ ಜೋತುಬಿದ್ದಿದ್ದ ಪಶ್ಚಿಮದ ಬಲೆ ಇಂಥ ಮೂರು ಮಧ್ಯಾಹ್ನಗಳಲ್ಲಿ ನೆಟ್ಟಗಾಯಿತು.

ಮಹಿಳೆಯರಿಂದ ಬಂದ ಸಲಹೆಯೊಂದನ್ನು ನಾವು ಒಪ್ಪಲಿಲ್ಲ. ಜೀನ್ಸ್ ಘಟಕದಲ್ಲಿ ಪೀಸ್ ರೇಟಿಗೆ ಒಗ್ಗಿದವರಾದ ಅವರು, ಮಾಸ್ಕಿಗೆ ಇಷ್ಟು ಎಂದು ಕೊಟ್ಟುಬಿಡಿ, ಬೇಗ ಮುಗಿಸಿ ಹೋಗುತ್ತೇವೆ ಎಂದರು. ಹಿರಿಯ ಮಹಿಳೆ ಮಾಸ್ಕ್ ತೊಳೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲು ಇಡೀ ಮಾಸ್ಕನ್ನು ನೀರಿಗೆ ಅದ್ದಿ ಗುಂಡಿನ ಸಿಪ್ಪೆ ನೆನೆಯಲು ಬಿಡುತ್ತಾರೆ. ಕಣ್ಣಿನ ಮುಂದಿನ ಪಾರದರ್ಶಕ ಭಾಗಕ್ಕೆ ಸೀರೆಯ ಸೆರಗು ತಾಗಿಸುವುದಿಲ್ಲ, ಹಳೆಯ ಮೆತ್ತನೆಯ ಬನಿಯನ್ ಬಟ್ಟೆಯನ್ನು ಒಂದೇ ದಿಕ್ಕಿಗೆ ಎಳೆಯುತ್ತಾರೆ. ಕೊನೆಗೆ ಬೆಳಕಿಗೆ ಹಿಡಿದು ಗೀರು ಬಿದ್ದಿದೆಯೇ ಎಂದು ಓರೆಯಾಗಿ ನೋಡುತ್ತಾರೆ. ಗೀರು ಬಿದ್ದದ್ದನ್ನು ಬೇರೆ ಬುಟ್ಟಿಗೆ ಹಾಕುತ್ತಾರೆ. ಎಣಿಕೆಯ ಮೇಲೆ ಕೂಲಿ ನಿಂತರೆ ಆ ಬೇರೆ ಬುಟ್ಟಿಗೆ ಹಾಕುವ ಕೈ ತಡವರಿಸುತ್ತದೆ. ಆದ್ದರಿಂದ ದಿನಗೂಲಿಯೇ ಇರಲಿ, ಕೆಲಸ ಮುಗಿದರೆ ನಾಲ್ಕಕ್ಕೇ ಹೊರಡಬಹುದು ಎಂದು ಗೊತ್ತುಮಾಡಿದೆವು.

ಬಟವಾಡೆಯ ವಿಷಯ ಚಿಕ್ಕದು. ಹುಡುಗರಿಗೆ ಭಾನುವಾರ ಸಂಜೆ ಫೋನ್‌ಪೇಯಲ್ಲಿ ಹಾಕಲಾಗುತ್ತದೆ. ಮಹಿಳೆಯರು ಮಾತ್ರ ನಗದೇ ಬೇಕೆಂದರು. ಖಾತೆಗೆ ಜೋಡಿಸಿದ ಫೋನ್ ಮಗನ ಕೈಯಲ್ಲಿರುತ್ತದಂತೆ. ಪುಸ್ತಕದಲ್ಲಿ ಸಹಿ ಪಡೆದು ನಗದನ್ನೇ ಕೊಡುತ್ತಾರೆ. ಮಾರ್ಕರ್‌ನ ನಳಿಕೆಗೆ ಹಾಕುವ ಬ್ಯಾರೆಲ್ ಕವರ್ ಕಳೆದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದ ಹಳೆಯ ಪದ್ಧತಿಯನ್ನು, ಸಂಬಂಧಪಟ್ಟವರ ಮಾತು ಕೇಳದೆ ಕಡಿತ ಮಾಡುವಂತಿಲ್ಲವೆಂದು ನಿಲ್ಲಿಸಲಾಯಿತು. ಭಕ್ಷೀಸಿನ ಗಂಟು ಮಾತ್ರ ಇನ್ನೂ ಬಿಚ್ಚಿಲ್ಲ: ಗಿರಾಕಿಗಳು ಹೋಗುವಾಗ ರೆಫರಿಗಳ ಕೈಗೆ ಇಡುವ ಹಣದಲ್ಲಿ ಮಾಸ್ಕ್ ತೊಳೆಯುವವರಿಗೂ ಪಾಲು ಬೇಕೆಂದು ನಾನು ಹೇಳಿದೆ, ಬಿಸಿಲಿನಲ್ಲಿ ನಿಂತು ಪೆಟ್ಟು ತಿನ್ನುವವರು ನಾವು ಎಂದು ಹಿರಿಯ ರೆಫರಿ ಹೇಳಿದರು. ಇಬ್ಬರೂ ಅಲ್ಲಿಗೇ ಬಿಟ್ಟೆವು.

ಬದಲಾವಣೆಗೆ ಬೆಲೆಯೂ ಇತ್ತು. ವಯಸ್ಸು ತುಂಬಿದ್ದ ಮೂವರಲ್ಲಿ ಒಬ್ಬನು, ಆಡಲು ಬಿಡದಿದ್ದರೆ ದುಡ್ಡು ಯಾರಿಗೆ ಬೇಕು ಎಂದು ಹೊರಟುಹೋದ. ಅವನು ನಿಜವಾದ ಆಟಗಾರ. ಅಂಥವರಿಗೆಂದು ತಿಂಗಳ ಕೊನೆಯ ಗುರುವಾರ ಸಂಜೆ ಗುಂಡನ್ನು ಖರೀದಿ ಬೆಲೆಗೇ ಕೊಡುವ ಏರ್ಪಾಡು ಮಾಡಿದ ಮೇಲೆ ಗಿರಾಕಿಯಾಗಿ ಮರಳಿದ. ಕೆನ್ನೆಯ ಪೆಟ್ಟಿನ ದಿನ ಆಟಕ್ಕಿಳಿದಿದ್ದ ಹುಡುಗ ಉಳಿದುಕೊಂಡ. ಈಗ ಮಾಸ್ಕಿಗೆ ಯಾರದಾದರೂ ಕೈ ಹೋಗುವ ಮೊದಲೇ ಅವನ ಸೀಟಿ ಕೇಳಿಸುತ್ತದೆ. ಸ್ವಲ್ಪ ಅತಿಯಾಯಿತೆಂದು ಗಿರಾಕಿಗಳು ಗೊಣಗುವುದೂ ಉಂಟು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ ಸಂಹಿತೆಯು ಕನಿಷ್ಠ ವೇತನವನ್ನು ಎಲ್ಲ ಬಗೆಯ ನೌಕರರಿಗೂ ವಿಸ್ತರಿಸಿತು, ನಗದು, ಚೆಕ್ಕು, ಬ್ಯಾಂಕ್ ಅಥವಾ ಎಲೆಕ್ಟ್ರಾನಿಕ್ ಮಾರ್ಗದ ಪಾವತಿಯನ್ನಷ್ಟೇ ಹೇಳಿತು, ಅರ್ಧ ದಿನದ ನಿಯಮವನ್ನೂ ಉಳಿಸಿಕೊಂಡಿತು. ನಮ್ಮ ಪುಸ್ತಕದಲ್ಲಿ ಅದರಿಂದ ಬದಲಾಗಬೇಕಾದದ್ದು ಏನೂ ಇರಲಿಲ್ಲ. ತೊಡಕು ಬಂದದ್ದು ಸಾಮಾಜಿಕ ಭದ್ರತೆ ಸಂಹಿತೆಯಿಂದ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ವಯಿಸುತ್ತದೆ. ಕಾಯಂ ಆರು, ಭಾನುವಾರದ ಮೂವರು, ಒಟ್ಟು ಒಂಬತ್ತು. ಡಿಸೆಂಬರ್‌ನಲ್ಲಿ ದೊಡ್ಡ ತಂಡವೊಂದು ಬರುವುದಿತ್ತು, ನಾಲ್ಕನೆಯ ದಿನಗೂಲಿ ರೆಫರಿ ಬೇಕಿತ್ತು. ಬೆಳಿಗ್ಗೆ ಏಳೂಕಾಲಿಗೆ ಮಾಲೀಕರು ಫೋನ್ ಮಾಡಿ, ಇವತ್ತೊಂದು ದಿನ ಅವನನ್ನು ವಾಲಂಟಿಯರ್ ಎಂದು ತೋರಿಸಿ 200 ಗುಂಡು ಕೊಟ್ಟುಬಿಡೋಣವೇ ಎಂದು ಕೇಳಿದರು.

ನಾನು ಲೆಕ್ಕ ಹೇಳಿದೆ. ಇಎಸ್‌ಐಗೆ ಮಾಲೀಕರ ವಂತಿಗೆ ಶೇ. 3.25, ನೌಕರನದು ಶೇ. 0.75. ₹700ರ ಕೂಲಿಗೆ ಮಾಲೀಕರ ಪಾಲು ₹22.75, ಆರು ಗುಂಡುಗಳ ಬೆಲೆಗಿಂತ ಕಡಿಮೆ. ಉಳಿದವರ ವಂತಿಗೆಯೂ ಸೇರುತ್ತದೆ, ಅದನ್ನು ಮುಚ್ಚಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು; ಫೋನಿನಲ್ಲಿ ಗಾಳಿ ತುಂಬುವ ಯಂತ್ರದ ಸದ್ದು ಕೇಳುತ್ತಿತ್ತು. ಆಮೇಲೆ ಹಾಜರಿ ಪುಸ್ತಕ ತರಲು ಬುಕಿಂಗ್ ಹುಡುಗನನ್ನು ಕೂಗಿದರು. ಹತ್ತನೆಯ ಹೆಸರು ಆ ದಿನದ ಪುಟದಲ್ಲಿದೆ. ನೋಂದಣಿಯ ಅರ್ಜಿ ಈಗ ನನ್ನ ಮೇಜಿನ ಮೇಲಿದೆ, ಇಬ್ಬರ ಆಧಾರ್ ಪ್ರತಿ ಬರುವುದು ಬಾಕಿ.